ತಾತನ ಪೆಟ್ಟಿಗೆಯ ‘ಕಾಂಡೀಡ್’

ಪ್ರಶ್ನೆ: ತಾತನ ಪುಸ್ತಕದ ಪೆಟ್ಟಿಗೆಯಲ್ಲಿ ಫ್ರೆಂಚ್ ಲೇಖಕ ವೋಲ್ಟೇರನ ವಿಡಂಬನ ಕಥೆ ‘ಕಾಂಡೀಡ್’ನ ಇಂಗ್ಲಿಷ್ ಅನುವಾದ ಸಿಕ್ಕಿದೆ. ರಾಕ್‌ವೆಲ್ ಕೆಂಟ್ ಅವರ ಚಿತ್ರಗಳಿವೆ, ಇಸವಿ 1929 ಎಂದಿದೆ, ಸಹಿ ಇಲ್ಲ. ಹೆಸರಾಂತ ಕಲಾತ್ಮಕ ಮುದ್ರಣ ಇದೇನೇ? ಹೊಲಿಗೆ ಸಡಿಲವಾಗಿರುವುದರಿಂದ ಅಂಚು ಕತ್ತರಿಸಿ ಹೊಸ ರಟ್ಟು ಹಾಕಿಕೊಡುತ್ತೇನೆ ಎಂದು ಬೈಂಡರ್ ಹೇಳುತ್ತಾರೆ. ಮಾಡಿಸಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮಲ್ಲಿರುವುದು ಆ ಮುದ್ರಣವಲ್ಲ, ಅದರ ಬೆನ್ನಿಗೇ ಸಾಮಾನ್ಯ ಓದುಗರಿಗಾಗಿ ಬಂದ ಆವೃತ್ತಿ. ಮೂಲ ಮುದ್ರಣವು 1928ರಲ್ಲಿ ನ್ಯೂಯಾರ್ಕಿನಲ್ಲಿ, ಎಲ್ಮರ್ ಆಡ್ಲರ್ ಅವರ ಪಿನ್ಸನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಆಗಷ್ಟೇ ಹುಟ್ಟಿದ್ದ ರ‍್ಯಾಂಡಮ್ ಹೌಸ್ ಪ್ರಕಾಶನ ಸಂಸ್ಥೆ ತನ್ನ ಹೆಸರಿನಲ್ಲಿ ಹೊರತಂದ ಮೊದಲ ಪುಸ್ತಕವೂ ಅದೇ. ಅಚ್ಚಾದದ್ದು 1470 ಪ್ರತಿಗಳು, ಅವುಗಳಲ್ಲಿ 95ಕ್ಕೆ ಕೈಯಿಂದ ಬಣ್ಣ ತುಂಬಲಾಗಿತ್ತು. ಪ್ರತಿ ಪುಸ್ತಕಕ್ಕೂ ಕ್ರಮಸಂಖ್ಯೆಯೂ ಕೆಂಟ್ ಅವರ ಸಹಿಯೂ ಇರುವುದರಿಂದ, ಗುರುತಿಸಲು ಅವೆರಡೇ ಸಾಕು.

ಆ ಮುದ್ರಣದ ಹಿರಿಮೆ ಪ್ರತಿಗಳು ವಿರಳವಾಗಿರುವುದರಲ್ಲಿ ಮಾತ್ರ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಲೂಸಿಯನ್ ಬರ್ನ್‌ಹಾರ್ಡ್ ವಿನ್ಯಾಸಗೊಳಿಸಿದ ಅಕ್ಷರಗಳಲ್ಲಿ ಅಚ್ಚುಮೊಳೆ ಜೋಡಿಸಿದ ಆ ಪುಟಗಳಲ್ಲಿ, ಹೊಸ ಪ್ಯಾರಾ ಬಂದಾಗ ಸಾಲು ಒಡೆಯುವುದಿಲ್ಲ. ಕೆಂಟ್ ಬರೆದ ಅಕ್ಷರದೆತ್ತರದ ಪುಟ್ಟ ಚಿತ್ರವೊಂದು ಸಾಲಿನ ನಡುವೆಯೇ ನಿಲ್ಲುತ್ತದೆ, ಕಥೆ ಮುಂದಕ್ಕೆ ಓಡುತ್ತದೆ. ಆರನೆಯ ಅಧ್ಯಾಯವನ್ನೇ ನೋಡಿ. ಲಿಸ್ಬನ್ ಭೂಕಂಪದ ನಂತರ, ಕೆಲವರನ್ನು ಶಾಸ್ತ್ರೋಕ್ತವಾಗಿ ಸುಟ್ಟರೆ ಭೂಮಿ ಮತ್ತೆ ನಡುಗದು ಎಂದು ಪಂಡಿತರು ನಿರ್ಧರಿಸುತ್ತಾರೆ; ಹಾಡಿನ ತಾಳಕ್ಕೆ ಸರಿಯಾಗಿ ಕಥಾನಾಯಕ ಕಾಂಡೀಡನಿಗೆ ಛಡಿಯೇಟು ಬೀಳುತ್ತದೆ, ಗುರು ಪ್ಯಾಂಗ್ಲಾಸನನ್ನು ನೇಣಿಗೇರಿಸುತ್ತಾರೆ, ಅದೇ ದಿನ ಭೂಮಿ ಮತ್ತೆ ನಡುಗುತ್ತದೆ. ದುರಂತದ ಮೇಲೆ ದುರಂತವನ್ನು ಉಸಿರಾಡಲೂ ಬಿಡದೆ ಹೇರುವುದೇ 1759ರ ಈ ಕಥೆಯ ಕಸುಬು. ಬಿಡುವಿಲ್ಲದ ಆ ಓಟವನ್ನು ಪುಟದ ಕಟ್ಟಿನಲ್ಲೇ ಉಳಿಸಿಕೊಂಡ ಮುದ್ರಕನನ್ನು ಕಥೆಯ ಒಳ್ಳೆಯ ಓದುಗ ಎಂದೇ ಕರೆಯಬೇಕು.

ಇನ್ನು ಬೈಂಡಿಂಗ್ ವಿಚಾರ. ದಯವಿಟ್ಟು ಅಂಚು ಕತ್ತರಿಸಲು ಬಿಡಬೇಡಿ. ಅಕ್ಷರದ ಸುತ್ತಲಿನ ಖಾಲಿ ಜಾಗವೂ ವಿನ್ಯಾಸದ ಭಾಗವೇ. ಒಮ್ಮೆ ಕತ್ತರಿಸಿದರೆ ಅದು ಮರಳಿ ಬಾರದು. ಮೂಲ ರಟ್ಟು ಹೋದರೆ ಪುಸ್ತಕದ ಬೆಲೆಯೂ ಇಳಿಯುತ್ತದೆ. ಹಳೆಯ ರಟ್ಟನ್ನೇ ಉಳಿಸಿಕೊಂಡು, ಹೊಲಿಗೆ ಬಿಟ್ಟ ಕಡೆಯಷ್ಟೇ ತೆಳುವಾದ ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ ದುರಸ್ತಿ ಮಾಡಬಲ್ಲ ಸಂರಕ್ಷಣಾ ತಜ್ಞರನ್ನು ಹುಡುಕಿ. ಸೆಲೋಟೇಪ್ ಮಾತ್ರ ಖಂಡಿತ ಬೇಡ, ಅದರ ಅಂಟು ಕಾಗದಕ್ಕಿಳಿದು ಹಳದಿ ಕಲೆ ಬಿಡುತ್ತದೆ. ತಜ್ಞರು ಸಿಗುವವರೆಗೆ ಅಗಲವಾದ ಹತ್ತಿಯ ಲಾಡಿಯಿಂದ ಹಗುರವಾಗಿ ಕಟ್ಟಿ, ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆಯಿಂದ ದೂರವಿಡಿ.