ಬರ್ನಿ ಸ್ಯಾಂಡರ್ಸ್‌ಗೆ ಅಷ್ಟು ಜನಬೆಂಬಲ ಇದ್ದೂ ಎರಡು ಸಲ ಸೋತಿದ್ದೇಕೆ?

ವರ್ಮಾಂಟ್ ರಾಜ್ಯದ ಸೆನೆಟರ್ ಸ್ಯಾಂಡರ್ಸ್ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಎರಡು ಸಲ ಸ್ಪರ್ಧಿಸಿ, 2016ರಲ್ಲಿ ಹಿಲರಿ ಕ್ಲಿಂಟನ್ ಎದುರು, 2020ರಲ್ಲಿ ಜೋ ಬೈಡನ್ ಎದುರು ಸೋತರು. ಇದರ ಬಗ್ಗೆ ನೀವು ಎರಡು ವಿಷಯ ಕೇಳಿದ್ದೀರಿ. ಸ್ಯಾಂಡರ್ಸ್ ಹಿಂದೆ ಇದ್ದದ್ದು ನಿಜವಾದ ತಳಮಟ್ಟದ ಬೆಂಬಲವೋ ಅಥವಾ ಬರೀ ಆನ್‌ಲೈನ್ ಗದ್ದಲವೋ ಅನ್ನುವುದು ಒಂದು. ಸ್ಟೂಡೆಂಟ್ ವೀಸಾದಲ್ಲಿರುವ ನೀವು ಇಂಥ ಪ್ರಚಾರದಲ್ಲಿ ಕೆಲಸ ಮಾಡಬಹುದಾ ಅನ್ನುವುದು ಇನ್ನೊಂದು.

ಬೆಂಬಲ ನಿಜ. 2016ರಲ್ಲಿ ನಾನು ಬಾಸ್ಟನ್ ಹತ್ತಿರ ಇದ್ದೆ, ಎಚ್‌1ಬಿ ವೀಸಾದಲ್ಲಿ. ಶನಿವಾರ ಭಾನುವಾರ ಪಕ್ಕದ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ ಸ್ಯಾಂಡರ್ಸ್ ಪರವಾಗಿ ಮನೆ ಬಾಗಿಲು ತಟ್ಟುತ್ತಿದ್ದೆ. ಹಾಗಾಗಿ ದೂರದಿಂದ ನೋಡಿ ಹೇಳುತ್ತಿಲ್ಲ. ಆದರೆ ಬೆಂಬಲ ಬೇರೆ, ಓಟು ಬೇರೆ. ಒಂದು ಇನ್ನೊಂದಾಗಬೇಕಾದರೆ ನಡುವೆ ಬೇಕಾದಷ್ಟು ಕೆಲಸ ಇದೆ, ಬೇಕಾದಷ್ಟು ನಿಯಮ ಇದೆ. ಎದುರಾಳಿಗೂ ಬೇರುಗಳಿರುತ್ತವೆ ಅನ್ನುವುದು ಮೂರನೆಯದು, ಇದನ್ನೇ ನಮ್ಮ ಕಡೆಯವರು ಜಾಸ್ತಿ ಮರೆಯುತ್ತಾರೆ.

ನಮ್ಮಲ್ಲಿ ಟಿಕೆಟ್ ಯಾರಿಗೆ ಅನ್ನುವುದನ್ನ ಹೈಕಮಾಂಡ್ ತೀರ್ಮಾನಿಸುತ್ತದೆ ಅಲ್ವಾ? ಅಮೆರಿಕದಲ್ಲಿ ಆ ಟಿಕೆಟ್‌ಗೇ ಒಂದು ಚುನಾವಣೆ ನಡೆಯುತ್ತದೆ, ಅದೇ ಪ್ರೈಮರಿ. ರಾಜ್ಯಕ್ಕೊಂದು ದಿನ, ರಾಜ್ಯಕ್ಕೊಂದು ನಿಯಮ. ಹಾಗಾಗಿ ಪಕ್ಷದ ದೊಡ್ಡವರು ಯಾರೂ ಜೊತೆಗಿಲ್ಲದ ವ್ಯಕ್ತಿಯೂ ನೇರವಾಗಿ ಜನರ ಹತ್ತಿರ ಹೋಗಬಹುದು. ಸ್ಯಾಂಡರ್ಸ್ ಮಾಡಿದ್ದು ಅದನ್ನೇ. 2015ರ ಏಪ್ರಿಲ್ ಕೊನೆಯಲ್ಲಿ ಸ್ಪರ್ಧೆ ಘೋಷಿಸಿದ ಒಂದೇ ದಿನದಲ್ಲಿ ಸುಮಾರು 35 ಸಾವಿರ ಜನ ಸೇರಿ 15 ಲಕ್ಷ ಡಾಲರ್ ಕೊಟ್ಟರು. ಆಗ ಒಬ್ಬರು ಒಂದು ಚುನಾವಣೆಗೆ 2,700 ಡಾಲರ್ ತನಕ ಕೊಡಬಹುದಿತ್ತು. ಇಡೀ ಪ್ರಚಾರದಲ್ಲಿ ಅವರಿಗೆ ಬಂದ ದೇಣಿಗೆಯ ಸರಾಸರಿ ಸುಮಾರು 27 ಡಾಲರ್. ಅದೇ ಜುಲೈನಲ್ಲಿ ಒಂದು ಸಂಜೆ ದೇಶದ ಮೂರು ಸಾವಿರಕ್ಕೂ ಹೆಚ್ಚು ಕಡೆ, ಯಾರದೋ ಹಾಲ್‌ನಲ್ಲಿ, ಯಾವುದೋ ಕೆಫೆಯಲ್ಲಿ, ಸುಮಾರು ಲಕ್ಷ ಜನ ಕೂತು ಅವರ ಮಾತನ್ನ ಲೈವ್ ಆಗಿ ಕೇಳಿದರು. ಸಣ್ಣ ದುಡ್ಡಿಗೆ ಒಂದು ವಿಶೇಷ ಇದೆ. 27 ಡಾಲರ್ ಕೊಟ್ಟವರು ಮುಂದಿನ ತಿಂಗಳು ಮತ್ತೆ ಕೊಡುತ್ತಾರೆ, ಫೋನ್ ಮಾಡಲೂ ಬರುತ್ತಾರೆ. ಮಿತಿ ಮುಟ್ಟುವಷ್ಟು ಕೊಟ್ಟು ಮುಗಿಸಿದವರಿಂದ ಆ ಪ್ರೈಮರಿಗೆ ಮತ್ತೆ ಒಂದು ಡಾಲರ್ ಕೂಡ ಬರುವ ಹಾಗಿಲ್ಲ.

ಇನ್ನು ಮನೆ ಮನೆ ಪ್ರಚಾರ. ಊರಲ್ಲಿ ನಾವು ನೋಡಿದ ಹಾಗೆ ಹತ್ತು ಹದಿನೈದು ಜನ ಶಾಲು ಹೊದ್ದು, ಮುಂದೆ ತಮಟೆ ಬಾರಿಸಿಕೊಂಡು ಹೋಗುವುದಲ್ಲ ಅದು. ಒಬ್ಬರು, ಜಾಸ್ತಿ ಅಂದರೆ ಇಬ್ಬರು. ಕೈಯಲ್ಲಿ ಒಂದು ಲಿಸ್ಟ್. ಅದರಲ್ಲಿ ಮತದಾರರ ಹೆಸರು, ವಯಸ್ಸು, ವಿಳಾಸ, ಯಾವ ಪಕ್ಷಕ್ಕೆ ನೋಂದಣಿ ಅನ್ನುವುದು (ಎಷ್ಟೋ ರಾಜ್ಯಗಳಲ್ಲಿ ಮತದಾರರು ತಮ್ಮ ಪಕ್ಷ ಯಾವುದು ಅಂತಲೂ ನೋಂದಾಯಿಸುತ್ತಾರೆ). ಎಲ್ಲ ಬಾಗಿಲೂ ತಟ್ಟುವ ಹಾಗಿಲ್ಲ, ಲಿಸ್ಟ್‌ನಲ್ಲಿ ಇರುವ ಬಾಗಿಲು ಮಾತ್ರ. ಮಾತಾಡಿ ಬಂದ ಮೇಲೆ ಹೆಸರಿನ ಎದುರು 1ರಿಂದ 5ರ ತನಕ ಒಂದು ಅಂಕಿ ಗುರುತು ಮಾಡಬೇಕು. 1 ಅಂದರೆ ಖಂಡಿತ ನಮ್ಮವರು, 3 ಅಂದರೆ ಇನ್ನೂ ತೀರ್ಮಾನ ಮಾಡಿಲ್ಲ, 5 ಅಂದರೆ ಪೂರಾ ಆ ಕಡೆ. ಕರ್ನಾಟಕದಲ್ಲಿ ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ಪೇಜ್ ಪ್ರಮುಖರು ಅಂತ ಇರುತ್ತಾರಲ್ಲ, ಆ ಜಾತಿಯ ಕೆಲಸ. ಇಷ್ಟೆಲ್ಲ ಮಾಡುವುದು ಮನಸ್ಸು ಬದಲಾಯಿಸುವುದಕ್ಕೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಮುಖ್ಯವಾಗಿ ನಮ್ಮವರು ಯಾರು ಅಂತ ಗೊತ್ತು ಮಾಡಿಕೊಂಡು, ಕೊನೆಯ ನಾಲ್ಕು ದಿನ 1 ಮತ್ತು 2 ಇರುವ ಬಾಗಿಲುಗಳಿಗೆ ಮಾತ್ರ ಮತ್ತೆ ಮತ್ತೆ ಹೋಗಿ, ‘ಎಷ್ಟು ಹೊತ್ತಿಗೆ ಓಟು ಹಾಕುತ್ತೀರಿ, ಹೇಗೆ ಹೋಗುತ್ತೀರಿ, ಕಾರು ಬೇಕಾ’ ಅಂತ ಕೇಳುವುದಕ್ಕೆ.

ನ್ಯಾಶುವಾದಲ್ಲಿ ಒಂದು ಹಳೇ ಮರದ ಮನೆ, ಮೂರು ಸಂಸಾರ ಇರುವಂಥದ್ದು. ಮೇಲಿನ ಮಹಡಿಯಲ್ಲಿ ಒಬ್ಬ ವಯಸ್ಸಾದ ಅಮ್ಮ ಬಾಗಿಲು ಅರ್ಧ ತೆರೆದು, ನಾಯಿಯನ್ನ ಕಾಲಲ್ಲಿ ತಡೆಹಿಡಿದು ನಿಂತರು. ಸ್ಯಾಂಡರ್ಸ್ ಅಂದ ತಕ್ಷಣ ಮುಖ ಅರಳಿತು, ಔಷಧಿ ಬೆಲೆ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಆಮೇಲೆ, ‘ಆದರೆ ನಾನು ಯಾವ ಪಕ್ಷಕ್ಕೂ ಸೇರಿದವಳಲ್ಲವಲ್ಲ, ನನಗೆ ಓಟಿಲ್ಲ’ ಅಂದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಯಾವ ಪಕ್ಷಕ್ಕೂ ಸೇರದ ಮತದಾರರು ಮತಗಟ್ಟೆಗೆ ಹೋಗಿ ಎರಡರಲ್ಲಿ ಯಾವ ಪಕ್ಷದ ಬ್ಯಾಲೆಟ್ ಬೇಕೋ ಅದನ್ನ ಕೇಳಿ ಪಡೆಯಬಹುದು. ಓಟು ಹಾಕಿ ಹೊರಡುವಾಗ ಒಂದು ಫಾರ್ಮ್‌ಗೆ ಸಹಿ ಹಾಕಿದರೆ ಮತ್ತೆ ಮೊದಲಿನ ಹಾಗೇ ಪಕ್ಷವಿಲ್ಲದವರಾಗಿ ಉಳಿಯಬಹುದು. ಅದನ್ನ ಹೇಳಿದೆ. ಅವರು ಒಳಗೆ ತಿರುಗಿ ಮಗನನ್ನ ಕೂಗಿದರು. ಅವನ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಅಲ್ಲಿ ಓಟಿನ ದಿನವೇ ನೋಂದಣಿ ಮಾಡಿಸಬಹುದು ಅಂತ ಅವನಿಗೂ ಗೊತ್ತಿರಲಿಲ್ಲ. ಆ ಒಂದು ಬಾಗಿಲಲ್ಲಿ ನಾನು ಯಾರ ಮನಸ್ಸನ್ನೂ ಬದಲಾಯಿಸಲಿಲ್ಲ. ಆದರೂ ಎರಡು ಓಟು ಸಿಕ್ಕಿರಬಹುದು, ಅವು ಟ್ವಿಟರ್‌ನಲ್ಲಿ ಎಷ್ಟು ಕೂಗಿದರೂ ಸಿಗುವ ಓಟುಗಳಲ್ಲ.

ಫೆಬ್ರವರಿ 9ಕ್ಕೆ ಸ್ಯಾಂಡರ್ಸ್‌ಗೆ ಅಲ್ಲಿ ಶೇ. 60, ಹಿಲರಿ ಕ್ಲಿಂಟನ್‌ಗೆ ಶೇ. 38. ಸ್ಯಾಂಡರ್ಸ್ ಅವರ ವರ್ಮಾಂಟ್ ಪಕ್ಕದ ರಾಜ್ಯ ಅನ್ನುವುದೂ ಇದರಲ್ಲಿ ಸೇರಿದೆ, ಅದನ್ನ ಬಿಟ್ಟು ಹೇಳಬಾರದು.

ಈಗ ಸೋಲಿಗೆ ಬರುತ್ತೇನೆ. ನಿಯಮ ಏನು ಮಾಡುತ್ತದೆ ಅನ್ನುವುದಕ್ಕೆ ನ್ಯೂಯಾರ್ಕ್ ನೋಡಿ. 2016ರ ಏಪ್ರಿಲ್ 13ರಂದು ವಾಷಿಂಗ್ಟನ್ ಸ್ಕ್ವೇರ್ ಪಾರ್ಕ್‌ನಲ್ಲಿ ಅವರ ಸಭೆಗೆ 27 ಸಾವಿರ ಜನ ಬಂದಿದ್ದರು ಅಂತ ಪ್ರಚಾರ ತಂಡದ ಲೆಕ್ಕ. ಆರು ದಿನ ಬಿಟ್ಟು ನಡೆದ ಪ್ರೈಮರಿಯಲ್ಲಿ ಸುಮಾರು ಶೇ. 58ಕ್ಕೆ 42ರಲ್ಲಿ ಸೋತರು. ಅಲ್ಲಿ ಪಕ್ಷಕ್ಕೆ ನೋಂದಾಯಿಸಿದವರಿಗೆ ಮಾತ್ರ ಓಟು. ಪಕ್ಷ ಬದಲಾಯಿಸಲು ಆಗ ಕೊನೆಯ ದಿನ ಯಾವುದಾಗಿತ್ತು ಗೊತ್ತಾ? ಹಿಂದಿನ ವರ್ಷದ ಅಕ್ಟೋಬರ್ 9. ಅಂದರೆ ಬಹಳಷ್ಟು ಜನ ಸ್ಯಾಂಡರ್ಸ್ ಯಾರು ಅಂತ ಸರಿಯಾಗಿ ತಿಳಿಯುವ ಮೊದಲೇ ಬಾಗಿಲು ಮುಚ್ಚಿತ್ತು. ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಕೂಡ ಇದೇ ನಿಯಮದಿಂದಾಗಿ ತಮ್ಮ ಅಪ್ಪನಿಗೇ ಓಟು ಹಾಕಲಾಗಲಿಲ್ಲ! ಈ ನಿಯಮ ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ಆದರೆ ಅದು ಹಿಂದಿನಿಂದಲೂ ಇದ್ದ ನಿಯಮ, ಸೆಪ್ಟೆಂಬರ್‌ನಲ್ಲೇ ಬೀದಿಗಿಳಿದು ನೋಂದಣಿ ಮಾಡಿಸುವುದು ಬೆಂಬಲಿಗರ ಕೆಲಸವಾಗಿತ್ತು.

ಇನ್ನು ಸೌತ್ ಕ್ಯಾರೊಲಿನಾ. ಅಲ್ಲಿ ಕ್ಲಿಂಟನ್‌ಗೆ ಶೇ. 73ಕ್ಕೂ ಹೆಚ್ಚು, ಸ್ಯಾಂಡರ್ಸ್‌ಗೆ ಶೇ. 26. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಓಟು ಹಾಕುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ. ನಮ್ಮವರು ಆಗ ‘ಇದು ಪಕ್ಷದ ದೊಡ್ಡವರ ಆಟ’ ಅಂದರು. ನಾನು ಒಪ್ಪುವುದಿಲ್ಲ. ಕ್ಲಿಂಟನ್ ಕುಟುಂಬಕ್ಕೆ ಅಲ್ಲಿನ ಚರ್ಚ್‌ಗಳ ಜೊತೆ, ಸ್ಥಳೀಯ ಮುಖಂಡರ ಜೊತೆ ಹತ್ತಾರು ವರ್ಷಗಳ ಒಡನಾಟ ಇತ್ತು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಅಜ್ಜಿ ಇನ್ನೊಬ್ಬರಿಗೆ ‘ನಾವು ಇವರಿಗೇ ಹಾಕೋಣ’ ಅನ್ನುವುದು ತಳಮಟ್ಟದ ಬೆಂಬಲವಲ್ಲದೆ ಮತ್ತೇನು? ಅದಕ್ಕೆ ವೆಬ್‌ಸೈಟ್ ಇಲ್ಲ, ಟೀ ಶರ್ಟ್ ಇಲ್ಲ ಅಷ್ಟೇ. ಒಂದು ವರ್ಷದ ಉತ್ಸಾಹ ಇಟ್ಟುಕೊಂಡು ಮೂವತ್ತು ವರ್ಷದ ನಂಬಿಕೆಯ ಎದುರು ನಿಂತೆವು.

2020ರಲ್ಲಿ ಈ ಪಾಠ ಸ್ವಲ್ಪ ಕಲಿತಿದ್ದರು. ನೆವಾಡಾದಲ್ಲಿ ತಿಂಗಳುಗಟ್ಟಲೆ ಮೊದಲೇ ಲ್ಯಾಟಿನೋ ಬಡಾವಣೆಗಳಲ್ಲಿ, ಅವರ ಭಾಷೆಯಲ್ಲೇ ಕೆಲಸ ಶುರು ಮಾಡಿದರು. ‘ತೀಯೋ ಬರ್ನಿ’ ಅಂತ ಜನ ಕರೆಯುತ್ತಿದ್ದರು, ಅಂದರೆ ಬರ್ನಿ ಮಾಮ. ಅಲ್ಲಿನ ಪ್ರಬಲ ಹೋಟೆಲ್ ಕಾರ್ಮಿಕರ ಸಂಘದ ನಾಯಕರು ಅವರ ಆರೋಗ್ಯ ವಿಮೆ ಯೋಜನೆಯನ್ನ ಟೀಕಿಸಿದ್ದರೂ ಲಾಸ್ ವೇಗಸ್‌ನ ಕ್ಯಾಸಿನೋ ಹೋಟೆಲ್‌ಗಳೊಳಗೆ ನಡೆದ ಕಾಕಸ್‌ಗಳಲ್ಲಿ (ಪ್ರೈಮರಿಯ ಬದಲು ಜನ ಒಂದೆಡೆ ಸೇರಿ ಬೆಂಬಲ ತೋರಿಸುವ ಸಭೆಗಳಲ್ಲಿ) ಎಷ್ಟೋ ಕೆಲಸಗಾರರು, ಕೋಣೆ ಸ್ವಚ್ಛ ಮಾಡುವವರು, ಅಡುಗೆಯವರು, ಸ್ಯಾಂಡರ್ಸ್ ಕಡೆಗೇ ನಿಂತರು. ದೊಡ್ಡ ಅಂತರದ ಗೆಲುವು. ನನ್ನ ಪ್ರಕಾರ ಅವರ ಎರಡೂ ಪ್ರಚಾರಗಳಲ್ಲಿ ಅತ್ಯಂತ ಹೆಮ್ಮೆಪಡಬೇಕಾದ ದಿನ ಅದು.

ಅದಾಗಿ ಒಂದೇ ವಾರಕ್ಕೆ ಎಲ್ಲ ತಿರುಗಿತು. ಮತ್ತೆ ಸೌತ್ ಕ್ಯಾರೊಲಿನಾ. ಅಲ್ಲಿನ ಪ್ರಭಾವಿ ಕಪ್ಪು ಸಂಸದ ಜಿಮ್ ಕ್ಲೈಬರ್ನ್ ಬೆಂಬಲ ಕೊಟ್ಟ ಮೇಲೆ ಜೋ ಬೈಡನ್ ಅಲ್ಲಿ ಭಾರೀ ಗೆದ್ದರು. ಮಾರ್ಚ್ 1 ಮತ್ತು 2ರಲ್ಲಿ ಸ್ಪರ್ಧೆಯಲ್ಲಿದ್ದ ಬುಟಿಜಜ್, ಕ್ಲೋಬುಶಾರ್ ಹಿಂದೆ ಸರಿದು ಬೈಡನ್ ಜೊತೆ ನಿಂತರು. ಮಾರ್ಚ್ 3ರ ಸೂಪರ್ ಟ್ಯೂಸ್‌ಡೇಯಲ್ಲಿ, ಅಂದರೆ ಒಂದೇ ದಿನ ಹಲವು ರಾಜ್ಯಗಳ ಪ್ರೈಮರಿ ನಡೆಯುವ ಮಂಗಳವಾರ, 14 ರಾಜ್ಯಗಳ ಪೈಕಿ 10 ಬೈಡನ್‌ಗೆ. ಬಾಸ್ಟನ್ ಇರುವ ನಮ್ಮ ಮ್ಯಾಸಚೂಸೆಟ್ಸ್ ಕೂಡ. ಬೈಡನ್ ಇಲ್ಲಿ ಹೇಳಿಕೊಳ್ಳುವಂಥ ಪ್ರಚಾರವನ್ನೇ ಮಾಡಿರಲಿಲ್ಲ! ನಾವು ತಿಂಗಳುಗಟ್ಟಲೆ ತಟ್ಟಿದ ಬಾಗಿಲುಗಳ ಒಳಗೆ ಕೂತ ಜನ, ‘ಟ್ರಂಪ್‌ನ ಸೋಲಿಸುವುದು ಯಾರ ಕೈಲಾಗುತ್ತೆ’ ಅಂತ ಮೂರು ದಿನದ ಸುದ್ದಿ ನೋಡಿ ತೀರ್ಮಾನ ಮಾಡಿದರು. ನೋವಾಯಿತು. ಆದರೆ ಅವರನ್ನ ಯಾರೂ ಮೋಸ ಮಾಡಲಿಲ್ಲ. ಅವರಿಗೆ ಆ ವರ್ಷ ಭಯ ಜಾಸ್ತಿ ಇತ್ತು.

ಹಾಗಂತ ಆ ಕೆಲಸ ಸುಮ್ನೆ ಹೋಗಲಿಲ್ಲ. 2018ರಲ್ಲಿ ಪಕ್ಷ ನಿಯಮ ಬದಲಾಯಿಸಿತು. ಸೂಪರ್ ಡೆಲಿಗೇಟ್‌ಗಳು, ಅಂದರೆ ಜನರಿಂದ ಆರಿಸಿ ಬರದೆ ಪದವಿಯ ಬಲದಿಂದಲೇ ಮತದ ಹಕ್ಕು ಪಡೆದವರು, ಪೈಪೋಟಿ ಇದ್ದಾಗ ಅಭ್ಯರ್ಥಿಯನ್ನ ಆರಿಸುವ ಪಕ್ಷದ ಸಮಾವೇಶದ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ ಅಂತಾಯಿತು. ಅದೇ ವರ್ಷ ಜೂನ್‌ನಲ್ಲಿ, 2016ರಲ್ಲಿ ಸ್ಯಾಂಡರ್ಸ್‌ಗಾಗಿ ಓಡಾಡಿದ್ದ ಅಲೆಕ್ಸಾಂಡ್ರಿಯಾ ಒಕಾಸಿಯೊ ಕೊರ್ಟೆಜ್ ನ್ಯೂಯಾರ್ಕ್‌ನ ಬ್ರಾಂಕ್ಸ್ ಮತ್ತು ಕ್ವೀನ್ಸ್ ಸೇರಿದ ಸಂಸತ್ ಕ್ಷೇತ್ರದ ಪ್ರೈಮರಿಯಲ್ಲಿ ಜೋ ಕ್ರೌಲಿ ಎಂಬ ಹಳೇ ಹುಲಿಯನ್ನ ಸೋಲಿಸಿದರು. ಅಂತರ ಸುಮಾರು 4 ಸಾವಿರ ಓಟು, ಅಷ್ಟೇ. ಪಕ್ಷಕ್ಕೆ ನೋಂದಾಯಿಸಿದವರಿಗೆ ಮಾತ್ರ ಓಟು ಅನ್ನುವ ಅದೇ ನ್ಯೂಯಾರ್ಕ್ ನಿಯಮದಲ್ಲೇ ಗೆದ್ದರು.

ಇನ್ನು ನಿಮ್ಮ ವೀಸಾ ವಿಷಯ. ಸಂಬಳವಿಲ್ಲದೆ ವಾಲಂಟಿಯರ್ ಆಗಿ ಕೆಲಸ ಮಾಡಬಹುದು. ಫೋನ್ ಮಾಡಬಹುದು, ಬಾಗಿಲು ತಟ್ಟಬಹುದು. ದುಡ್ಡು ಮಾತ್ರ ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಎಚ್‌1ಬಿಯವರು, ಎಫ್‌1 ಅಂದರೆ ಸ್ಟೂಡೆಂಟ್ ವೀಸಾದವರು ಕೊಡಬಾರದು. ಪ್ರಚಾರದ ಅಂಗಡಿಯಿಂದ ಟೀ ಶರ್ಟ್ ಕೊಂಡರೆ ಅದೂ ದೇಣಿಗೆ ಅಂತಲೇ ಲೆಕ್ಕ, ಹಾಗಾಗಿ ನಾನು ಆ ಚಳಿಗಾಲ ಪೂರ್ತಿ ಮಾಮೂಲಿ ಜಾಕೆಟ್‌ನಲ್ಲೇ ತಿರುಗಿದೆ. ದುಡ್ಡು ಯಾವುದಕ್ಕೆ ಖರ್ಚು ಮಾಡಬೇಕು ಎಂಬಂಥ ತೀರ್ಮಾನಗಳಲ್ಲೂ ನೀವು ಇರಬಾರದು. ಇನ್ನೊಂದು ಬಹಳ ಮುಖ್ಯ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ‘ಮತದಾರರಾಗಿ ನೋಂದಾಯಿಸಬೇಕೇ’ ಅಂತ ಕೇಳಿದರೆ ಬೇಡ ಅಂತಲೇ ಗುರುತು ಮಾಡಿ. ಗೊತ್ತಿಲ್ಲದೆ ಹೌದು ಅಂದರೂ ಮುಂದೆ ವೀಸಾಗೆ, ಗ್ರೀನ್ ಕಾರ್ಡ್‌ಗೆ ದೊಡ್ಡ ತೊಂದರೆಯಾಗಬಹುದು. ಇಷ್ಟು ನೆನಪಿಟ್ಟುಕೊಂಡು, ಮುಂದಿನ ಪ್ರೈಮರಿ ಬಂದಾಗ ನಿಮಗೆ ಇಷ್ಟವಾದ ಅಭ್ಯರ್ಥಿ ಯಾರೇ ಇರಲಿ, ಹತ್ತಿರದ ಪ್ರಚಾರ ಕಚೇರಿಗೆ ಹೋಗಿ ಲಿಸ್ಟ್ ಕೇಳಿ. ಒಬ್ಬರೇ ಹೋಗಬೇಡಿ, ಮೊದಲ ದಿನ ಹಳಬರ ಜೊತೆ ಹೋಗಿ ಅವರು ಬಾಗಿಲಲ್ಲಿ ಹೇಗೆ ಮಾತಾಡುತ್ತಾರೆ ಅಂತ ನೋಡಿ. ಒಳ್ಳೇ ಬೂಟು ಹಾಕಿಕೊಳ್ಳಿ.