ಗೋಡೆಗಿಂತ ಮೊದಲು ತೊಲೆ ನೋಡಿ
ಮೈಸೂರಿನಲ್ಲಿ ಮದ್ರಾಸ್ ತಾರಸಿಯ ಹಳೇ ಮನೆ ಸಿಕ್ಕಿದೆ, ಗೋಡೆ ಗಟ್ಟಿಯಿದೆ, ಕೊಳ್ಳಬಹುದಾ ಎಂದು ಕೇಳಿದ್ದೀರಿ. ಮೊದಲು ತಲೆಯೆತ್ತಿ ಮೇಲೆ ನೋಡಿ. ಮದ್ರಾಸ್ ತಾರಸಿ ಎಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿ ಮಾಡಿದ ಚಾವಣಿ; ಅದರ ಭಾರವೆಲ್ಲ ಆ ತೊಲೆಗಳ ಮೇಲೆ. ಅವುಗಳ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲೇ ತೇವ, ಗೆದ್ದಲು ಜಾಸ್ತಿ. ಅಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ, ಇಂಜಿನಿಯರ್‌ಗೆ ತೋರಿಸದೆ ಮುಂಗಡ ಕೊಡಲೇಬೇಡಿ. ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದಿದ್ದಾರಾ ಅಂತಲೂ ಕೇಳಿ; ಬಳಿದಿದ್ದರೆ ಒಳಗಿನ ತೇವ ಹೊರಬರಲು ದಾರಿಯೇ ಇರುವುದಿಲ್ಲ.

ಇನ್ನು ದಾಖಲೆಗಳು. ಆಸ್ತಿಯ ಮೇಲಿನ ನೋಂದಾಯಿತ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ ಆನ್‌ಲೈನ್‌ನಲ್ಲಿ 2004ರಿಂದ ಈಚೆಗಿನದು ಸುಲಭವಾಗಿ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಗೆಸಿ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ನೋಡಿ, ಹೆಣ್ಣುಮಕ್ಕಳ ಸಹಿಯನ್ನೂ ಹಾಕಿಸಿಕೊಳ್ಳಿ. ದಾಖಲೆ ಸರಿಯಿದ್ದು, ತೊಲೆ ತೇಗದ್ದಾಗಿದ್ದು ಒಣಗಿದ್ದರೆ ಖಂಡಿತ ಕೊಳ್ಳಿ, ಇಂಥ ಮನೆ ಬೇಸಿಗೆಯಲ್ಲೂ ತಂಪಾಗಿರುತ್ತದೆ.