ಆಟದ ಕಟ್ಟೆ: ದರ್ಜಿ ಆಗಲೋ, ಕಮ್ಮಾರ ಆಗಲೋ?

(ದಾವಣಗೆರೆಯ ವಿದ್ಯಾನಗರದಲ್ಲಿ ಎಂಟು ಕಂಪ್ಯೂಟರ್‌ಗಳ ಸೈಬರ್ ಕೆಫೆ ನಡೆಸಿ, ಈಗ ಅದೇ ಮಳಿಗೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನಮ್ಮ ಅಂಕಣಕಾರರು ಆನ್‌ಲೈನ್ ಆಟಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಶುರು ಮಾಡಬೇಕು ಅಂತಿದ್ದೇನೆ. ಪಾತ್ರಕ್ಕೆ ಒನಕೆ ಓಬವ್ವ ಅಂತ ಹೆಸರಿಟ್ಟು, ಕೈಗೆ ಒನಕೆಯಂಥದ್ದೇ ಕೊಡುವ ಆಸೆ. ಆದರೆ ಮಂತ್ರ ಹಾಕುವ ಮೇಜ್ (ಮಂತ್ರವಾದಿ) ಪಾತ್ರ ಕೂಡ ಇಷ್ಟ. ಗೆಳೆಯರೆಲ್ಲ ಆಟದೊಳಗೆ ಕಮ್ಮಾರಿಕೆ ಕಲಿ ಅಂತಾರೆ. ಏನು ಮಾಡಲಿ? (ಬಿ.ಎಸ್ಸಿ. ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ಮೊದಲು ಹೆಸರಿನ ಲೆಕ್ಕ ಮುಗಿಸೋಣ. ಆ ಆಟದಲ್ಲಿ ಹೆಸರು 12 ಅಕ್ಷರ ಮೀರುವಂತಿಲ್ಲ, ನಡುವೆ ಜಾಗ ಬಿಡುವಂತಿಲ್ಲ. ಒನಕೆ ಓಬವ್ವ ಅನ್ನೋದನ್ನು ಇಂಗ್ಲಿಷ್‌ನಲ್ಲಿ ಕೂಡಿಸಿ ಬರೆದು ಎಣಿಸಿದೆ. 11 ಬಂತು. ಪಾಸಾದಿರಿ.

ಇನ್ನು ಒನಕೆ. ಮೇಜ್ ಗದೆ ಹಿಡಿಯೋ ಹಾಗಿಲ್ಲ. ಅವಳ ಪಾಲಿಗೆ ಬರೋದು ಬಾಕು, ಒಂಟಿಗೈ ಕತ್ತಿ, ಮಂತ್ರದ ಕಡ್ಡಿ ಮತ್ತು ಉದ್ದನೆಯ ಕೋಲು. ಆ ಕೋಲನ್ನು ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಿ, ಒನಕೆಯೇ! ಹಾಗಾಗಿ ಎರಡು ಆಸೆಯೂ ಒಂದೇ ಪಾತ್ರದಲ್ಲಿ ತೀರುತ್ತದೆ. ವಾರಿಯರ್, ಅಂದರೆ ಯೋಧೆ ಆದರೆ ಎರಡು ಕೈಯಲ್ಲಿ ಹಿಡಿಯುವ ಗದೆಯೇ ಸಿಗುತ್ತದೆ, ನಿಜ. ಆದರೆ ವಾರಿಯರ್‌ಗೆ ತನ್ನ ಗಾಯ ತಾನೇ ವಾಸಿ ಮಾಡಿಕೊಳ್ಳುವ ಮಂತ್ರ ಇಲ್ಲ. ಒಂಟಿಯಾಗಿ ಆಡುವ ಹೊಸಬರಿಗೆ ಕಷ್ಟ. ಯಾವ ಪಾತ್ರ ತಗೊಂಡರೂ ಆರಂಭದಲ್ಲಿ ಶತ್ರುಗಳನ್ನು ಒಬ್ಬೊಬ್ಬರನ್ನಾಗಿ ಎಳೆದು ಹೊಡೆಯಬೇಕು. ಇಬ್ಬರು ಒಟ್ಟಿಗೆ ಬಂದರೆ ಸತ್ತು, ಸ್ಮಶಾನದಿಂದ ನಡೆದು ಬರೋದೇ ಗತಿ. ಕೋಟೆಯ ಕಿಂಡಿ ನೋಡಿ ಬೆಳೆದ ನಿಮಗೆ ಇದನ್ನು ನಾನು ಹೇಳಿಕೊಡಬೇಕಾ?

ಈಗ ಕಸುಬು. ಕ್ಲಾಸ್ ಬೇರೆ, ಕಸುಬು ಬೇರೆ. ಕ್ಲಾಸ್ ಅಂದರೆ ಮೇಜ್, ವಾರಿಯರ್ ಥರ, ಹೇಗೆ ಕಾದಾಡುತ್ತೀರಿ ಅನ್ನೋದು. ಅದನ್ನು ಆಮೇಲೆ ಬದಲಾಯಿಸೋಕೆ ಆಗೋದಿಲ್ಲ. ಕಸುಬು ಅಂದರೆ ಹೊಟ್ಟೆಪಾಡು. ಮುಖ್ಯ ಕಸುಬು ಎರಡು ಮಾತ್ರ ಇಟ್ಟುಕೊಳ್ಳಬಹುದು. ಅಡುಗೆ, ಮೀನು ಹಿಡಿಯೋದು, ಪ್ರಥಮ ಚಿಕಿತ್ಸೆ ಈ ಎರಡರ ಲೆಕ್ಕಕ್ಕೆ ಸೇರೋದಿಲ್ಲ, ಮೂರನ್ನೂ ಕಲಿಯಿರಿ.

ನಿಮ್ಮ ಗೆಳೆಯರ ಕಮ್ಮಾರಿಕೆ ಬೇಡ. ಕಮ್ಮಾರ ಮಾಡೋದು ಲೋಹದ ಕವಚ, ಮೇಜ್ ಹಾಕೋದು ಬರೀ ಬಟ್ಟೆ. ಮಾಡಿದ್ದರಲ್ಲಿ ಹೆಚ್ಚಿನದು ನಿಮಗೇ ಉಪಯೋಗಕ್ಕೆ ಬರೋದಿಲ್ಲ. ಇನ್ನೊಂದು ವಿಷಯ. ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿಗೆ ಕೆಲಸಕ್ಕೆ ಬರುವ ಹುಡುಗರಿಗೆಲ್ಲ ಹೆಂಚಿನ ಮುಂದೆ ನಿಲ್ಲೋದೇ ಬೇಕು, ಹಿಟ್ಟು ರುಬ್ಬೋಕೆ ಯಾರೂ ಒಲ್ಲರು. ಆಟದಲ್ಲೂ ಇದೇ ಕಥೆ. ಎಲ್ಲರೂ ಕತ್ತಿ ಮಾಡುವವರೇ. ಹೀಗಾಗಿ ಆಟಗಾರರು ಸಾಮಾನು ಮಾರುವ ಹರಾಜು ಕಟ್ಟೆಯಲ್ಲಿ ಶುರುವಿನ ಕತ್ತಿಗಿಂತ ಅದಕ್ಕೆ ಹಾಕಿದ ಅದಿರಿಗೇ ಜಾಸ್ತಿ ಬೆಲೆ ಬರೋದು ಮಾಮೂಲು.

ನನ್ನ ಕೇಳಿದರೆ ದರ್ಜಿ ಆಗಿ. ಬಟ್ಟೆ ಸಂಪಾದಿಸೋಕೆ ಬೇರೆ ಕಸುಬು ಕಲಿಯಬೇಕಾಗಿಲ್ಲ. ಮನುಷ್ಯರಂಥ ಶತ್ರುಗಳನ್ನು ಹೊಡೆದರೆ ಅವರ ಜೇಬಿನಿಂದಲೇ ಲಿನನ್ ಬೀಳುತ್ತದೆ. ಎರಡು ತುಂಡು ಲಿನನ್ ಸೇರಿದರೆ ಒಂದು ಥಾನು. ಮೂರು ಥಾನು, ಅಂಗಡಿಯಲ್ಲಿ ಸಿಗುವ ಮೂರು ಉಂಡೆ ಒರಟು ದಾರ. ಇಷ್ಟಿದ್ದರೆ ಆರು ಖಾನೆಯ ಚೀಲ ರೆಡಿ. ಅದನ್ನು ಹೊಲಿಯೋಕೆ ಕಸುಬಿನ ಅಂಕ 45 ಆಗಿರಬೇಕು. ಹೊಸಬರಿಗೆ ಸಾಮಾನು ಇಡೋಕೆ ಜಾಗ ಸಾಲದೇ ಸಾಲದು. ಮೊದಲ ನಾಲ್ಕು ಚೀಲ ನೀವೇ ಇಟ್ಟುಕೊಳ್ಳಿ, ಉಳಿದದ್ದು ಮಾರಿ. ಹೊಲಿಯುವ ಪಟ್ಟಿಯಲ್ಲಿ ಬಣ್ಣ ನೋಡಿಕೊಳ್ಳಿ. ಕಿತ್ತಳೆ ಬಣ್ಣದ್ದು ಹೊಲಿದರೆ ಅಂಕ ಖಂಡಿತ ಏರುತ್ತದೆ. ಹಳದಿ, ಹಸಿರು ಆಗುತ್ತಾ ಹೋದ ಹಾಗೆ ಅನುಮಾನ. ಬೂದು ಬಣ್ಣದ್ದು ನೂರು ಹೊಲಿದರೂ ಅಷ್ಟೇ, ಸುಮ್ನೆ ದಾರ ದಂಡ. ಎರಡನೇ ಕಸುಬಾಗಿ ಚರ್ಮ ಸುಲಿಯೋದು ಇರಲಿ. ಒಂದು ಚಾಕು ಸಾಕು. ಹೇಗೂ ತೋಳ, ಹಂದಿ ಹೊಡೆಯುತ್ತೀರಿ, ತೊಗಲು ಮಾರಿ ದಾರದ ಖರ್ಚು ತೆಗೀಬಹುದು.

ದರ್ಜಿ ಕೆಲಸದ ಮೇಲೆ ನನಗೆ ಒಲವು ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತು ನಮ್ಮನ್ನು ಸಾಕಿದವರು. ಥಾನು ಅನ್ನೋ ಮಾತು ಕೇಳಿದರೆ ಮನೆಯೇ ನೆನಪಾಗುತ್ತದೆ. ಅಂಥ ನಾನೇ ಆಟದಲ್ಲಿ ಒಮ್ಮೆ ಆ ಕಸುಬು ಬಿಟ್ಟೆ. 2008ರಲ್ಲಿ, ಕೆಫೆಯಲ್ಲಿ ಕೂತು. ಅಂಕ 150 ದಾಟಿತ್ತು. ಎಂಜಿನಿಯರಿಂಗ್ ಕಲಿತರೆ ಬಾಂಬ್ ಮಾಡಬಹುದು ಅಂತ ಯಾರೋ ಆಸೆ ಹಚ್ಚಿದ್ದರು. ಜಾಗ ಖಾಲಿ ಮಾಡೋಕೆ ದರ್ಜಿ ಕಸುಬನ್ನು ಮರೆಯುವ ಗುಂಡಿ ಒತ್ತಿದೆ. ‘ಖಾತ್ರಿನಾ?’ ಅಂತ ಕೇಳಿತು. ಅದೇ ಹೊತ್ತಿಗೆ ಒಬ್ಬ ಹುಡುಗ ಹಾಲ್ ಟಿಕೆಟ್ ಪ್ರಿಂಟ್ ಕೊಡಿ ಅಂತ ಅವಸರ ಮಾಡುತ್ತಿದ್ದ. ‘ಹೌದು’ ಒತ್ತಿಬಿಟ್ಟೆ. ಅಂಕ, ಕಲಿತ ನಮೂನೆಗಳು, ಎಲ್ಲ ಸೊನ್ನೆ. ಮತ್ತೆ ಕಲಿಯಬೇಕೆಂದರೆ 1ರಿಂದಲೇ ಶುರು. ಬಾಂಬ್ ಮಾಡಿದೆ, ಹೌದು. ಮೂರು.

ಪ್ರಶ್ನೆ: ನನ್ನ ಹತ್ತಿರ ಇರೋದು ಫೋನ್ ಮಾತ್ರ, ದುಡ್ಡು ಹಾಕುವ ಹಾಗಿಲ್ಲ. ಕ್ಲಾಸ್ ತಪ್ಪು ಆರಿಸಿಬಿಟ್ಟರೆ ಅಂತ ಭಯ. (ಓದುಗ, ಹರಿಹರ)

ಉತ್ತರ: ಕ್ಲಾಸೇ ಇಲ್ಲದ ಆಟ ಆಡಿ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ 2018ರಿಂದ ಫೋನಿನಲ್ಲಿದೆ. ಬಿಟ್ಟಿಯಾಗಿಯೇ ಸಾಕಷ್ಟು ಆಡಬಹುದು. ಒಂದೇ ಪಾತ್ರ ಮರ ಕಡಿಯಬಹುದು, ಅದಿರು ಅಗೆಯಬಹುದು, ಮಂತ್ರವನ್ನೂ ಹಾಕಬಹುದು. ಮೊದಲ ದ್ವೀಪದಲ್ಲೇ ಬಲೆ ಹಾಕಿ ಸಿಗಡಿ ಹಿಡಿಯೋದು, ಬೆಂಕಿ ಹಚ್ಚಿ ಸುಡೋದು, ತಾಮ್ರಕ್ಕೆ ತವರ ಸೇರಿಸಿ ಕಂಚು ಮಾಡೋದು ಎಲ್ಲ ಕಲಿಸಿಬಿಡುತ್ತಾರೆ. ಆಮೇಲೆ ಏನು ಬೇಕೋ ಅದು. ಒಂದೇ ಮಾತು, ಯಾವ ಕೆಲಸದಲ್ಲೂ ಕೊನೆಯ ಮಟ್ಟವಾದ 99ರ ಹುಚ್ಚು ಹಿಡಿಸಿಕೊಳ್ಳಬೇಡಿ. ಅದಕ್ಕೆ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಅಂಕ ಬೇಕು. 92 ಮುಟ್ಟಿದಾಗ ಇನ್ನೇನು ಬಂತು ಅನ್ನಿಸುತ್ತದೆ ಅಲ್ವಾ? ಆಗ ನೀವಿರೋದು ಅರ್ಧ ದಾರಿಯಲ್ಲಿ.

ಪ್ರಶ್ನೆ: ಮಗ ‘ಕಸುಬು ಕಲೀತಿದೀನಮ್ಮ’ ಅಂತ ವಾರ್‌ಕ್ರಾಫ್ಟ್ ಮುಂದೆ ಕೂರುತ್ತಾನೆ. ಹೋಗಿ ನೋಡಿದರೆ ಸುಮ್ನೆ ನೀರು ನೋಡುತ್ತಿರುತ್ತಾನೆ. ಇದೆಂಥ ಕಸುಬು? (ತಾಯಿ, ದಾವಣಗೆರೆ)

ಉತ್ತರ: ಮೀನು ಹಿಡಿಯುತ್ತಿದ್ದಾನೆ, ತಾಯೀ. ನೀರಿನ ಮೇಲಿನ ಬೆಂಡು ಮುಳುಗಿದಾಗ ಕ್ಲಿಕ್ ಮಾಡಬೇಕು, ಅಷ್ಟೇ. ಯಾವಾಗ ಬೇಕಾದರೂ ನಿಲ್ಲಿಸಬಹುದಾದ ಕೆಲಸ. ಊಟಕ್ಕೆ ಕರೆದಾಗ ‘ಇನ್ನೊಂದೇ ನಿಮಿಷ’ ಅಂದರೆ ನಂಬಬೇಡಿ, ಎಬ್ಬಿಸಿ. ‘ಗುಹೆಯೊಳಗಿದ್ದೀನಿ’ ಅಂದರೆ ಮಾತ್ರ ಸ್ವಲ್ಪ ಹೊತ್ತು ಬಿಡಿ. ಅಲ್ಲಿಗೆ ಐದು ಜನ ಒಟ್ಟಿಗೆ ಹೋಗಿರುತ್ತಾರೆ. ಇವನು ಎದ್ದು ಬಂದರೆ ಉಳಿದ ನಾಲ್ವರು ಸಾಯುತ್ತಾರೆ. ಸಾರು ಆಮೇಲೆ ಬಿಸಿ ಮಾಡಿದರಾಯ್ತು.